ಡಬ್ಬಿಯ ಮೇಲಿನ ನಾಗರತ್ನಮ್ಮ

ಅಮ್ಮನ ಸ್ಟೀಲ್ ಡಬ್ಬಿಯನ್ನು ಇವತ್ತು ತೊಳೆದಿಟ್ಟೆ. ಸಾರಿನ ಪುಡಿಯ ವಾಸನೆ ಹೋಗಲೇ ಇಲ್ಲ.

ಅಪ್ಪ ಕಂಪ್ಯೂಟರ್ ಕೆಲಸಕ್ಕೆಂದು ಜರ್ಮನಿಯವರು ಕೊಟ್ಟ ಗ್ರೀನ್ ಕಾರ್ಡ್ ಮೇಲೆ ಅಲ್ಲಿನ ಇಂಗೋಲ್‌ಸ್ಟಾಟ್‌ಗೆ ಬಂದಾಗ ಈ ಡಬ್ಬಿಯೂ ನಮ್ಮ ಜೊತೆ ಬಂದಿತ್ತು. ಮನೆಯೊಡತಿ ಫ್ರಾವ್ ಕೆಲ್ಲರ್ ಅವರ ಅಜ್ಜಿ ನಾರ್ವೆಯಿಂದ ವಲಸೆ ಬಂದವರಂತೆ. ಅಜ್ಜಿಯ ಬೆಳ್ಳಿ ಚಮಚದಲ್ಲಿ ಕೆತ್ತಿದ್ದ ಹೆಸರನ್ನು ಹಿಡಿದು, ನಾರ್ವೆಯ ಚರ್ಚುಗಳಿಂದ ಹಳೆಯ ದಾಖಲೆ ತರಿಸಿ, ಆಕೆ ನಾಲ್ಕು ತಲೆಮಾರು ಹಿಂದಕ್ಕೆ ಹೋಗಿದ್ದರು. ಮಾತಾಡುವಾಗೆಲ್ಲ ಆ ಚಮಚವನ್ನು ಏಪ್ರನ್ನಿಗೆ ಒರೆಸುತ್ತಿದ್ದರು.

ಒಂದು ದಿನ ನಮ್ಮ ಅಡುಗೆಮನೆಯಲ್ಲಿ, ಡಬ್ಬಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳನ್ನು ಸವರಿ, "ಓಮಾ?" ಎಂದರು. ಅಜ್ಜಿಯ ಹೆಸರಾ ಅಂತ ಕೇಳ್ತಿದಾರೆ ಎಂದು ಅಮ್ಮನಿಗೆ ಹೇಳಿದೆ.

ಅಮ್ಮ ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. "ನಾಗರತ್ನಮ್ಮ ಅಂತಿದೆ. ಯಾರೋ ಏನೋ, ನನ್ ಮದುವೇಲಿ ಮುಯ್ಯಿ ಮಾಡಿದ್ದು. ಕೊಟ್ಟೋರ ಹೆಸರು ತಾನೇ ಹಾಕ್ಸೋದು?"

"ಮತ್ತೆ ನಿನ್ ಹೆಸರಿರೋದು?"

"ನಾನು ಕೊಟ್ಟಿದ್ರಲ್ಲಿ. ಅವ್ರಿವ್ರ ಮನೇಲಿರುತ್ತೆ."

ಅಮ್ಮ ತೀರಿಹೋಗಿ ತಿಂಗಳಾಯಿತು. ಕನ್ನಡ ಓದಲು ಬಾರದ ನನ್ನ ಮಗಳು ಈಗ ಅದೇ ಅಕ್ಷರಗಳನ್ನು ಸವರಿ, "ಓಮಾ?" ಎಂದಳು.

ಅಲ್ಲ ಎಂದೆ. ಆಮೇಲೆ ಅಮ್ಮನ ಪಾತ್ರೆಗಳನ್ನೆಲ್ಲ ಒಂದೊಂದಾಗಿ ತಿರುವಿ, ಕೊರೆದ ಹೆಸರು ನೋಡಿ, ಒರೆಸಿ ಒಳಗಿಟ್ಟೆ.