ಬಲಮೂಲೆಯಲ್ಲಿ ಬಿಟ್ಟ ಜಾಗ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಹೇಳದೆ ಎದ್ದು ಹೋಗಿದ್ದೇನೆ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಮಗಳ ಮದುವೆಯಾಗಲಿ ಎಂದೆ, ಅದೂ ಆಯಿತು. ಆಮೇಲೆ ಕೇಳುವವರೇ ಇಲ್ಲವಲ್ಲ ಎಂದು ಸುಮ್ಮನಾದೆ. ಹೋದ ತಿಂಗಳು ಇಂದಿರಾನಗರದ ಒಂದು ಮಹಡಿಯ ಮೇಲೆ ಟರ್ಪಂಟೈನ್ ಮತ್ತು ರಕ್ತದ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಇನ್ನು ಮುಂದೂಡಲು ಆಗಲಿಲ್ಲ.

ಅಂದು ಭಾನುವಾರ. ಅಂಗಡಿ, ಹೋಟೆಲ್ಲುಗಳಿಗೆ ಅಕ್ಷರ ಬರೆದುಕೊಟ್ಟು ಬದುಕುವ ಹುಡುಗಿಯೊಬ್ಬಳು ರಟ್ಟು ಕತ್ತರಿಸುತ್ತಾ ಬ್ಲೇಡಿನಿಂದ ಬೆರಳು ಕುಯ್ದುಕೊಂಡಳು. ಕೈಯೆಲ್ಲ ಎನಾಮಲ್ ಮೆತ್ತಿತ್ತು. ಪಕ್ಕದಲ್ಲಿದ್ದವನು ಗಾಬರಿಯಲ್ಲಿ ಟರ್ಪಂಟೈನ್ ಬಟ್ಟೆಯಿಂದಲೇ ಒರೆಸಿದ. ಅವಳು ಉರಿ ತಾಳಲಾರದೆ ಅವನ ಬೆನ್ನಿಗೊಂದು ಗುದ್ದಿದಳು.

"ಸಾಯಿಸ್ತೀಯಾ ಮಗಾ? ನೀರಿರ್ಲಿಲ್ವಾ?"

"ತಾತ ತಾನೇ ಹೇಳ್ಕೊಟ್ಟಿದ್ದು, ಪೇಂಟ್ ಹೋಗ್ಬೇಕಂದ್ರೆ ಟರ್ಪಂಟೈನ್ ಅಂತ."

ಅವನು ನನ್ನ ಕಡೆ ಕೈ ತೋರಿಸಿದ. ಎಲ್ಲರೂ ನಕ್ಕರು. ನಾನು ಎದ್ದು ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತೆ. ಮೂಳೆ ಮುರಿದ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತ್ತು.

ಅದೇ ವಾಸನೆಯಲ್ಲಿ ನನ್ನ ಗುರುವನ್ನು ನಾನು ಮೊದಲು ನೋಡಿದ್ದು. ಆಗ ಶಿವಾಜಿನಗರದಲ್ಲಿ ಸಿನಿಮಾ ಬ್ಯಾನರ್ ಬರೆಯುವ ಶೆಡ್ಡೊಂದರಲ್ಲಿ ಕೆಲಸಕ್ಕಿದ್ದೆ. ಕೆ.ಆರ್. ಪುರದ ಕಡೆಯ ಹುಡುಗ, ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ ಬೇರೆ. ಮಾಲೀಕನಿಗೆ ಬಾಯಿಗಿಂತ ಕೈ ಮುಂದು. ಬಣ್ಣ ತಪ್ಪಾಗಿ ಕಲಸಿದರೆ ಬ್ರಷ್ಷಿನ ಹಿಡಿಯಿಂದ ಗೆಣ್ಣಿನ ಮೇಲೆ ಬಾರಿಸುತ್ತಿದ್ದ. ಒಂದು ಮಧ್ಯಾಹ್ನ ನಾನು ತಿರುಗಿಸಿ ಹೊಡೆದೆ. ಅವನ ಹಲ್ಲು ಉದುರಿತು. ಅವನ ಜನ ನನ್ನನ್ನು ಬೀದಿಗೆಳೆದು ತುಳಿದರು. ಬೀಳುವಾಗ ಕೆಂಪು ಬಣ್ಣದ ಡಬ್ಬ ಮೈಮೇಲೆ ಮಗುಚಿತ್ತು. ಮುಖದಲ್ಲಿ ಬಣ್ಣ ಯಾವುದು, ರಕ್ತ ಯಾವುದು ಯಾರಿಗೂ ತಿಳಿಯುವಂತಿರಲಿಲ್ಲ. ಎದುರಿನ ಟೀ ಅಂಗಡಿಯಿಂದ ಒಬ್ಬರು ಎದ್ದುಬಂದು ನನ್ನನ್ನು ಮೋಟುಗೋಡೆಯ ಮೇಲೆ ಕೂರಿಸಿ, ಟರ್ಪಂಟೈನ್ ಬಟ್ಟೆಯಿಂದ ಮುಖ ಒರೆಸಿದರು. ನಾನು ಕಿರುಚಿದೆ.

"ಉರೀತೈತಾ? ಹಂಗಾರೆ ಬದ್ಕಿದೀಯಾ ಬಿಡು" ಅಂದರು.

ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಆ ಟೀ ಅಂಗಡಿಯ ಮುಂದೆ ದಿನಾ ಬೆಳಿಗ್ಗೆ ಬೋರ್ಡ್ ಬರೆಯುವವರು ಸೇರುತ್ತಿದ್ದರು. ಯಾರಿಗೂ ಯಜಮಾನನಿಲ್ಲ, ತಿಂಗಳ ಸಂಬಳವಿಲ್ಲ. ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬರುವುದು. ಕೆಲಸ ಹುಡುಕಿಕೊಂಡು ಯಾರಾದರೂ ಬಂದರೆ, ಯಾರ ಕೈಗೆ ಯಾವುದು ಒಗ್ಗುತ್ತದೋ ಹಾಗೆ ಹಂಚಿಕೊಳ್ಳುವುದು. ತಮಿಳು ಬೋರ್ಡಾದರೆ ಹಲಸೂರಿನವನಿಗೆ, ಮುಖದ ಚಿತ್ರವಾದರೆ ಒಂದು ಕಣ್ಣು ಮಂಜಾಗಿದ್ದ ಇನ್ನೊಬ್ಬನಿಗೆ. ಜಗಳವಿರಲಿಲ್ಲವೆಂದಲ್ಲ. ಒಂದು ಗೋಡೆಗಾಗಿ ಇಬ್ಬರು ಬಣ್ಣ ಕೆರೆಯುವ ತಗಡಿನಿಂದ ಮುಖ ಗೀರಿಕೊಂಡದ್ದನ್ನು ಕಂಡಿದ್ದೇನೆ. ಉಸ್ತಾದ್ ನಡುವೆ ನುಗ್ಗಿ ತಮ್ಮ ಮೊಣಕೈಯನ್ನೂ ಗೀರಿಸಿಕೊಂಡರು. ಸಂಜೆ ಆ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಒಂದೇ ಲೋಟದಲ್ಲಿ ಟೀ ಕುಡಿಸಿದರು. ಅಂಥ ಜಾಗದಲ್ಲಿ, ಅಪ್ಪನ ಮನೆಯಲ್ಲೂ ಸಿಗದ ಒಂದು ನೆಲೆ ನನಗೆ ಸಿಕ್ಕಿತ್ತು...

ಉಸ್ತಾದರ ಕನ್ನಡ ಅಕ್ಷರದಂಥ ಅಕ್ಷರವನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಆದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಾತು ಬರುತ್ತಿತ್ತು, ಓದು ಗೊತ್ತಿಲ್ಲ. ನಾನು ಸೀಮೆಸುಣ್ಣದಲ್ಲಿ ಗೀಚಿಕೊಟ್ಟರೆ ಅವರು ಅದಕ್ಕೆ ಮೈ ತುಂಬುತ್ತಿದ್ದರು. ಅವರ ಪಾಲಿಗೆ 'ಳ' ಮಲಗಿದ ಬೆಕ್ಕು, 'ಠ' ಚುಕ್ಕೆಯಿಟ್ಟ ರೊಟ್ಟಿ. ಬ್ರಷ್ಷು ಒಂದೇ ಉಸಿರಿನಲ್ಲಿ ಸುತ್ತಿ ಬರುತ್ತಿತ್ತು. ನೆರಳು ಕೊಟ್ಟ ಮೇಲೆ ಅಕ್ಷರ ಗೋಡೆಯಿಂದ ಒಂದು ಬೆರಳು ಈಚೆಗೆ ಬಂದು ನಿಂತಂತೆ ಕಾಣುತ್ತಿತ್ತು. ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ. "ಎಸ್ಸೆಲ್ಸಿ" ಎನ್ನುತ್ತಿದ್ದರು. ಮೊದಲು ತಮಾಷೆಯಾಗಿತ್ತು, ಆಮೇಲೆ ಅದರಲ್ಲಿ ಮರ್ಯಾದೆ ಸೇರಿಕೊಂಡಿತು.

ಬೋರ್ಡಿನ ಬಲಮೂಲೆಯಲ್ಲಿ ಬರೆದವನು ಸಣ್ಣದಾಗಿ ಹೆಸರು ಹಾಕುವುದು ನಮ್ಮ ರೂಢಿ. ನಮ್ಮ ಬೋರ್ಡುಗಳಲ್ಲಿ ನನ್ನ ಹೆಸರನ್ನು ನಾನೇ ಗೀಚಿಬಿಡುತ್ತಿದ್ದೆ. ಅದು ನನ್ನದೆಂದು ಅವರಿಗೆ ಗೊತ್ತಿತ್ತು, ನಗುತ್ತಲೇ ತುಂಬುತ್ತಿದ್ದರು. ಒಂದು ಸಲ ಮಾತ್ರ ಕೇಳಿದರು.

"ಎಸ್ಸೆಲ್ಸಿ, ನನ್ ಹೆಸ್ರು ಕನ್ನಡದಾಗೆ ಹೆಂಗ್ ಕಾಣ್ತೈತೆ, ಬರ್ದ್ ತೋರ್ಸು. ಒಂದ್ಸಲ ನಾನೂ ಮೂಲೇಲಿ ಹಾಕ್ತೀನಿ."

"ನಾಳೆ ಬರೀತೀನಿ ಉಸ್ತಾದ್" ಅಂದೆ.

ಕಂಪ್ಯೂಟರಿನಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂತು. ಟೀ ಅಂಗಡಿಯ ಮುಂದಿನ ಗುಂಪು ಕರಗಿತು. ಒಬ್ಬ ಆಟೋ ಹಿಡಿದ, ಒಬ್ಬ ಊರಿಗೆ ಹೋದ. ಉಳಿದದ್ದು ಗೋಡೆಗಳ ಕೆಲಸ ಮಾತ್ರ. ಆಗಲೇ ಒಂದು ಸಿಮೆಂಟ್ ಕಂಪನಿಯ ಏಜೆಂಟ್ ಬಂದ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಸಿಕ್ಕ ಸಿಕ್ಕ ಗೋಡೆಗೆಲ್ಲ ಜಾಹೀರಾತು ಬರೆಯಬೇಕು. ನಾನು ಮುಂದೆ ಹೋಗಿ, ನಾನೊಬ್ಬನೇ ಮಾಡುತ್ತೇನೆ ಅಂದೆ. ಅವನು ಗಟ್ಟಿಯಾಗಿ ನಕ್ಕ.

"ಅಕ್ಷರ ಅವರ್ದು ಗುರು. ನೀನು ಬರೀ ಚಾಕ್‌ಪೀಸು."

ಸುತ್ತಲಿದ್ದವರೂ ನಕ್ಕರು. ಉಸ್ತಾದ್ ನಗಲಿಲ್ಲ. "ಇಬ್ರೂ ಮಾಡ್ತೀವಿ" ಅಂದರು. ಅವರು ನಕ್ಕಿದ್ದರೆ ನನ್ನ ಸಿಟ್ಟು ಎಲ್ಲರ ಮೇಲೂ ಹಂಚಿಹೋಗುತ್ತಿತ್ತೋ ಏನೋ. ಕನಿಕರ ಪಟ್ಟರು ನೋಡಿ, ಪೂರ್ತಿ ಅವರ ಮೇಲೇ ಬಿತ್ತು.

ಗೋಡೆಗೆ ಒಂದು ಕಾನೂನಿದೆ. ಯಾರು ಮೊದಲು ಸುಣ್ಣ ಬಳಿದು 'ಕಾಯ್ದಿರಿಸಲಾಗಿದೆ' ಎಂದು ಹೆಸರು ಹಾಕುತ್ತಾರೋ ಗೋಡೆ ಅವರದು. ಅದರ ಮೇಲೆ ಬ್ರಷ್ ಇಟ್ಟವನು ಜಗಳಕ್ಕೆ ಕರೆದಂತೆ. ರಾಮಮೂರ್ತಿ ನಗರದ ಹತ್ತಿರ ಒಂದು ಉದ್ದ ಗೋಡೆಯ ಮೇಲೆ ಮಾಸಿದ ನೀಲಿ ಅಕ್ಷರದಲ್ಲಿ ಆ ಕಡೆಯ ಪುಢಾರಿಯೊಬ್ಬನ ಹೆಸರಿತ್ತು. ಅವನ ಹುಡುಗರು ಎಂಥವರೆಂದು ಆ ಭಾಗದಲ್ಲಿ ಬೆಳೆದ ನನಗೆ ಗೊತ್ತಿತ್ತು. ಉಸ್ತಾದ್ ಏಣಿಯನ್ನು ಗೋಡೆಗೆ ಒರಗಿಸಿ ನನ್ನನ್ನೇ ಕೇಳಿದರು:

"ಏನ್ ಬರ್ದೈತೆ ನೋಡು."

"ಹಳೇ ಟ್ಯುಟೋರಿಯಲ್‌ದು. ಬಳೀರಿ" ಅಂದೆ.

ಬೈಗುಳ ತಿಂದು, ಕೆಲಸ ಕಳೆದುಕೊಂಡು, ಅವಮಾನವಾಗಿ ಮನೆಗೆ ಹೋಗಲಿ. ನಾನು ಬಯಸಿದ್ದು ಅಷ್ಟೇ. ಅಷ್ಟೇ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ...

ಅರ್ಧ ಗೋಡೆ ಬೆಳ್ಳಗಾಗುವಷ್ಟರಲ್ಲಿ ಎರಡು ಬೈಕುಗಳಲ್ಲಿ ಬಂದರು. ಮಾತಿಲ್ಲ, ಕತೆಯಿಲ್ಲ. ಏಣಿಗೆ ಒದ್ದರು. ಉಸ್ತಾದ್ ಸುಣ್ಣದ ಬಕೆಟ್ಟಿನ ಸಮೇತ ಬಿದ್ದರು. ಹೊಟ್ಟೆಗೆ, ಬೆನ್ನಿಗೆ ಒದೆ ಬೀಳುತ್ತಿತ್ತು. ಸುಣ್ಣ ಕಣ್ಣಿಗೆ ಹೋಗಿ ಅವರು ಕುರುಡರಂತೆ ನೆಲ ತಡಕುತ್ತಿದ್ದರು. ತಡಕುತ್ತಾ ನನ್ನನ್ನೇ ಕೂಗಿದರು. "ಎಸ್ಸೆಲ್ಸಿ, ಓಡು. ಓಡ್ಹೋಗು."

ಒಬ್ಬ ನನ್ನ ಕಾಲರ್ ಹಿಡಿದ.

"ನೀನೂ ಇವನ ಜೊತೇನಾ?"

"ಇಲ್ಲಣ್ಣ. ನಾನು ಇಲ್ಲೇ ಕೆ.ಆರ್. ಪುರದವನು."

"ನಮ್ಮೋನಾದ್ರೆ ನೀನೇ ಹೊಡಿ. ಯಾವ ಕೈಲಿ ಬಳೀತಿದ್ದ?"

ಎಡಗೈ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಬಲಗೈ ಅಂದೆ. ಏಣಿ ಜಾರದಂತೆ ಅಡ್ಡ ಕೊಟ್ಟಿದ್ದ ಇಟ್ಟಿಗೆ ಅಲ್ಲೇ ಬಿದ್ದಿತ್ತು. ಇಬ್ಬರು ಅವರ ತೋಳನ್ನು ನೆಲಕ್ಕೊತ್ತಿ ಹಿಡಿದರು. ನಾನು ಹೆದರಿ ಹೊಡೆದೆ ಎಂದು ಬರೆದರೆ ಓದುವವರು ನಂಬಬಹುದು. ಮೊದಲ ಏಟು ಹೆದರಿಕೆಯದು. ಎರಡನೆಯದು ಹಾಗಿರಲಿಲ್ಲ. 'ಬರೀ ಚಾಕ್‌ಪೀಸು' ಎಂಬ ಮಾತು ಆ ಏಟಿನಲ್ಲಿತ್ತು. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಬೆಳ್ಳನೆಯ ಸುಣ್ಣದ ಮೇಲೆ ಕೆಂಪು ಹರಡಿತು. ಆ ಹೊತ್ತಿಗೆ ಅವರ ಕಣ್ಣು ತೆರೆದಿತ್ತು. ನೋಡಿದರು. ನಾನು ಇಟ್ಟಿಗೆ ಬಿಸಾಕಿ ಓಡಿದೆ. ಅವರನ್ನು ಆಸ್ಪತ್ರೆಗೆ ಸೇರಿಸಿದ್ದು ದಾರಿಯಲ್ಲಿ ಹೋಗುತ್ತಿದ್ದ ಯಾರೋ.

ಎಲ್ಲ ಗೊತ್ತಾಗಿರುತ್ತದೆ, ನನ್ನನ್ನು ಚಚ್ಚಿಹಾಕುತ್ತಾರೆ ಎಂದುಕೊಂಡೇ ಮೂರನೆಯ ದಿನ ಟೀ ಅಂಗಡಿಗೆ ಹೋದೆ. ಚಚ್ಚಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಹಲಸೂರಿನವನು ನನ್ನ ಹೆಗಲ ಮೇಲೆ ಕೈಹಾಕಿದ.

"ಪಾವಂ, ಪಾಪ ಉಸ್ತಾದ್. ಏಣಿ ಜಾರಿ ಬಿದ್ರಂತೆ. ಮಿಕ್ಕಿದ್ ಗೋಡೆ ಎಸ್ಸೆಲ್ಸಿನೇ ಮುಗಿಸ್ಲಿ ಅಂತ ಹೇಳಿ ಕಳ್ಸವ್ರೆ. ತಗೋ."

ಬಟ್ಟೆಯಲ್ಲಿ ಸುತ್ತಿದ ಬ್ರಷ್ಷುಗಳ ಕಟ್ಟನ್ನು ನನ್ನ ಕೈಗಿಟ್ಟ.

ಆ ಬ್ರಷ್ಷುಗಳಿಂದ ಎರಡು ಗೋಡೆ ಬರೆದೆ. ಗೆರೆ ನಿಲ್ಲಲಿಲ್ಲ, ಬಣ್ಣ ಇಳಿದು ಸೋರಿತು. ಕಟ್ಟನ್ನು ಮನೆಯ ಅಟ್ಟಕ್ಕೆಸೆದು, ಮಹದೇವಪುರದ ಅಪಾರ್ಟ್‌ಮೆಂಟ್ ಒಂದಕ್ಕೆ ಸೆಕ್ಯೂರಿಟಿ ಕೆಲಸಕ್ಕೆ ಸೇರಿದೆ. ಗೇಟು ತೆಗೆಯುವುದು, ಹಾಕುವುದು. ಮುದುಕನಾಗುವವರೆಗೆ ಅದೇ. ಒಮ್ಮೆ ಮಾರ್ಕೆಟ್ಟಿನಲ್ಲಿ ಉಸ್ತಾದರನ್ನು ಕಂಡೆ. ತಳ್ಳುಗಾಡಿಯವರಿಗೆ ಸ್ಲೇಟಿನ ಮೇಲೆ ಎಡಗೈಯಲ್ಲಿ ಮಾವಿನಹಣ್ಣಿನ ಚಿತ್ರ ಬರೆದುಕೊಡುತ್ತಿದ್ದರು. ಬಲಗೈ ಮಡಿಲಲ್ಲಿ ಮುದುಡಿ ಬಿದ್ದಿತ್ತು. ಹತ್ತು ಹೆಜ್ಜೆಯ ದೂರ. ಇವತ್ತು ಬೇಡ, ನಾಳೆ ಮಾತಾಡಿಸೋಣ ಎಂದು ಹಿಂದಿರುಗಿದೆ. ಆಮೇಲೆ ಅವರು ತಂಗಿಯ ಊರಿಗೆ ಹೋದರೆಂದು ಕೇಳಿದೆ. ಅದಾದ ಮೇಲೆ ತೀರಿಕೊಂಡರೆಂದು...

ಬೆರಳು ಕುಯ್ದುಕೊಂಡಳಲ್ಲ, ಆ ಹುಡುಗಿ ಎರಡು ವರ್ಷದ ಹಿಂದೆ ನನ್ನ ಮನೆ ಹುಡುಕಿಕೊಂಡು ಬಂದಳು. ಸಿ.ವಿ. ರಾಮನ್ ನಗರದ ಒಂದು ಸೈಕಲ್ ಅಂಗಡಿಯಲ್ಲಿ ಹಳೆಯ ಬೋರ್ಡು ನೋಡಿ, ಮೂಲೆಯ ಹೆಸರು ಹಿಡಿದು, ಅವರಿವರನ್ನು ಕೇಳುತ್ತಾ ಬಂದಿದ್ದಳು. "ಆಫೀಸ್ ಬಿಟ್ಟು ನನ್ನಷ್ಟಕ್ಕೆ ನಾನೇ ಕೆಲಸ ಮಾಡ್ತೀನಿ ತಾತ. ಒಬ್ಳೇ ರೂಮಲ್ಲಿ ಕೂತು ಹುಚ್ಚು ಹಿಡಿಯೋ ಹಾಗಾಗಿತ್ತು. ನಿಮ್ ಬೋರ್ಡ್ ನೋಡಿದ್ಮೇಲೆ ಮತ್ತೆ ಬ್ರಷ್ ಹಿಡ್ದೆ" ಅಂದಳು. ಅವಳು ತೋರಿಸಿದ ಫೋಟೋದಲ್ಲಿ ಒಂದು 'ಳ' ಬೆಕ್ಕಿನಂತೆ ಮಲಗಿತ್ತು. ಅದು ನನ್ನ ಅಕ್ಷರವಲ್ಲವೆಂದು ಹೇಳಲಿಲ್ಲ.

ಅವಳಂಥವರು ಏಳೆಂಟು ಜನ ಭಾನುವಾರ ಇಂದಿರಾನಗರದ ಆ ಮಹಡಿಯಲ್ಲಿ ಸೇರುತ್ತಾರೆ. ಒಬ್ಬ ಪುಸ್ತಕದ ಮುಖಪುಟ ಮಾಡುತ್ತಾನೆ, ಒಬ್ಬಳು ಹಚ್ಚೆ ಹಾಕುತ್ತಾಳೆ. ವಾರವೆಲ್ಲ ಒಬ್ಬೊಬ್ಬರೇ ದುಡಿದು ಬಂದವರು ಬೈದಾಡುತ್ತಾರೆ, ಬಂದ ಕೆಲಸ ಹಂಚಿಕೊಳ್ಳುತ್ತಾರೆ, ಒಬ್ಬರ ಗೆರೆ ಒಬ್ಬರು ತಿದ್ದುತ್ತಾರೆ. ಥೇಟ್ ನಮ್ಮ ಟೀ ಅಂಗಡಿ. ಅಂದು ನಿಲ್ಲದ ನನ್ನ ಗೆರೆ ಇಲ್ಲಿ ನಿಲ್ಲುತ್ತದೆ. ಅಟ್ಟದಿಂದ ಆ ಕಟ್ಟನ್ನು ಇಳಿಸಿದೆ. ಎಷ್ಟೋ ವರ್ಷಗಳ ಮೇಲೆ, ಬೆಳಗಾದರೆ ಎದ್ದು ಹೋಗಬೇಕೆನಿಸುವ ಒಂದು ಜಾಗ ನನಗಿದೆ. ಯಾರ ಹತ್ತಿರ ಕಲಿತಿರಿ ಎಂದು ಕೇಳಿದಾಗ "ನಾನೇ ಕಲಿತೆ" ಅಂದಿದ್ದೇನೆ. ಅವರ ನಡುವೆ ನನಗೆ ಸಿಕ್ಕ ಜಾಗ ಆ ಸುಳ್ಳಿನ ಮೇಲೆ ನಿಂತಿದೆ.

ಈಗ ಹಲಸೂರಿನಲ್ಲಿ ಇಸ್ತ್ರಿ ಅಂಗಡಿಯ ಪಕ್ಕದ ಗೋಡೆಯೊಂದನ್ನು ಎಲ್ಲರೂ ಸೇರಿ ಬರೆದು ಮುಗಿಸಿದ್ದೇವೆ. ಬಲಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟಿದ್ದಾರೆ. "ತಾತ, ಅದು ನಿಮ್ ಹೆಸ್ರಿಗೆ" ಅಂದಳು ಹುಡುಗಿ. ಈ ಭಾನುವಾರ ಅಲ್ಲೇ ನಿಂತು ಇದನ್ನು ಅವರಿಗೆ ಓದಿ ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನನ್ನು ತಾತ ಎನ್ನಲಿಕ್ಕಿಲ್ಲ. ಬರಬೇಡಿ ಎಂದರೆ ಬ್ರಷ್ಷುಗಳ ಕಟ್ಟನ್ನು ಅವರಿಗೇ ಕೊಟ್ಟು ಬರುತ್ತೇನೆ. ಅದು ಎಂದೂ ನನ್ನದಾಗಿರಲಿಲ್ಲ.

ಆದರೆ ಮೂಲೆಯನ್ನು ಅಲ್ಲಿಯವರೆಗೆ ಖಾಲಿ ಬಿಡಲು ಮನಸ್ಸಾಗಲಿಲ್ಲ. ಈ ಬೆಳಿಗ್ಗೆ ಒಬ್ಬನೇ ಹೋಗಿ, ನಾಳೆ ಬರೀತೀನಿ ಎಂದಿದ್ದನ್ನು ಬರೆದು ಬಂದೆ. ಮೊದಲು ಸೀಮೆಸುಣ್ಣ, ಅದರ ಮೇಲೆ ಬಣ್ಣ, ಆಮೇಲೆ ನೆರಳು. ಅವರ ಹೆಸರು ಕನ್ನಡದಲ್ಲಿ ಹೀಗೆ ಕಾಣುತ್ತದೆ:

ಗುಲಾಂ ದಸ್ತಗೀರ್.