ಎಚ್ಚರ ತಪ್ಪಿದ್ದ ಮಗಳ ಪರವಾಗಿ ನಾನು ಕೊಟ್ಟ ಉತ್ತರ

ಪದ್ಮಜಾ, ನಿನ್ನ ಎರಡನೆಯ ಹೆರಿಗೆಗೆ ಮುಂಚೆ ಡಾಕ್ಟರಮ್ಮನ ಎದುರು ಕೂತು ನಾನು ಸುಳ್ಳು ಹೇಳಿದೆ. ನಿನ್ನ ಗರ್ಭಕೋಶ ತೆಗೆಯಬೇಕಾಗಿ ಬಂದದ್ದಕ್ಕೆ ನಿನ್ನ ಹಟ ಕಾರಣವಲ್ಲ — ನನ್ನ ಆ ಸುಳ್ಳು ಕಾರಣ. ಇಷ್ಟು ವರ್ಷ ನೀನು ನಿನ್ನನ್ನೇ ಬೈದುಕೊಳ್ಳುತ್ತ ಬಂದೆ, ನಾನು ಕೇಳಿಸಿಕೊಳ್ಳುತ್ತ ಬಂದೆ. ಹೆತ್ತ ತಾಯಿ, ಎದುರಿಗೇ ಕೂತು, ಚವಳಿಕಾಯಿ ಮುರಿಯುತ್ತ.

ಮೊದಲಿನಿಂದ ಹೇಳುತ್ತೇನೆ. ನಡುವೆ ಎಲ್ಲಾದರೂ ನನ್ನ ಪರವಾಗಿ ನಾನೇ ವಾದಿಸುತ್ತಿರುವಂತೆ ಕಂಡರೆ ನಂಬಬೇಡ. ನನಗೆ ಆ ಚಾಳಿ ಇದೆ, ನಿನಗೂ ಗೊತ್ತು.

ಮೊದಲ ಬಾಣಂತನ ತವರಿನದೆಂದು ನಿನ್ನನ್ನು ಆದೋನಿಗೆ ಕರೆತಂದಿದ್ದೆವು. ಶ್ರೀಶ ಸುಲಭವಾಗಿಯೇ ಹುಟ್ಟಿದ. ಗಂಡುಮಗು ಎಂದು ಹೇಳಿ ಹೋದ ನರ್ಸ್ ಸ್ವಲ್ಪ ಹೊತ್ತಿಗೆ ಓಡಿಬಂದು ನಿಮ್ಮ ಅಪ್ಪನ ಕೈಗೆ ಒಂದು ಚೀಟಿ ಕೊಟ್ಟಳು. ಹೆರಿಗೆಯಾದ ಮೇಲೆ ನಿನ್ನ ರಕ್ತ ನಿಲ್ಲುತ್ತಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ — ನಿನ್ನ ತುಟಿ ಸುಣ್ಣದ ಹಾಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ನಿಮ್ಮ ಅಪ್ಪ ರಕ್ತನಿಧಿಗೆ ಓಡಿದರು. ಯಾರದೋ ರಕ್ತ, ಹೆಸರಿಲ್ಲದೆ ಊರಿಲ್ಲದೆ ಬಂದದ್ದು, ನಿನ್ನ ತೋಳಿನೊಳಗೆ ಇಳಿಯಿತು. ನೀನು ಬದುಕಿದೆ.

ನೀನು ಕಣ್ಣು ಬಿಡುವ ಹೊತ್ತಿಗೆ ಅಲ್ಲಿ ತೂಗುತ್ತಿದ್ದದ್ದು ಗ್ಲೂಕೋಸ್ ಮಾತ್ರ.

“ನನಗೇನಾಗಿತ್ತಮ್ಮಾ?” ಎಂದು ನೀನು ಕೇಳಿದೆ.

“ಏನಾಗಿಲ್ಲ, ನಿತ್ರಾಣ ಆಗಿತ್ತು. ಗ್ಲೂಕೋಸ್ ಹಾಕ್ಯಾರ, ಮಲ್ಕೋ” ಎಂದೆ. ನಿಮ್ಮ ಅಪ್ಪ ಏನೋ ಹೇಳಲು ಬಾಯಿ ತೆರೆದರು. ಕಣ್ಣಲ್ಲೇ ಗದರಿಸಿದೆ. ಮನೆಗೆ ಬಂದ ಮೇಲೆ ದೇವರ ಮುಂದೆ ಆಣೆಯನ್ನೂ ಹಾಕಿಸಿಕೊಂಡೆ. ಪಾಪ, ಆ ಮನುಷ್ಯ ಇವತ್ತಿಗೂ ಮಾತು ತಪ್ಪಿಲ್ಲ.

ಯಾಕೆ ಮುಚ್ಚಿಟ್ಟೆ? ನಿನ್ನ ಅತ್ತೆಯ ಮನೆಯ ಒಲೆಗಾಗಿ. ಮಂತ್ರಾಲಯದ ಪೂಜೆಯ ಮನೆತನ, ಮಡಿಯಲ್ಲಿ ಬೇಯಿಸಿದ ಅನ್ನ ದೇವರಿಗೆ ತೋರಿಸದೆ ಯಾರೂ ಬಾಯಿಗೆ ಹಾಕುವವರಲ್ಲ. ಸಂಬಂಧ ಮಾತಾಡುವಾಗ ನಿನ್ನ ಅತ್ತೆ ಇಂದಿರಾಬಾಯಿ ಹೇಳಿದ್ದು ಒಂದೇ ಮಾತು: “ನಮ್ಮನಿ ಮಡಿ ಒಲಿ ಮುಂದ ಸೊಸಿ ನಿಂತ್ರ ಸಾಕ್ರಿ, ನಮಗ ಮತ್ತೇನೂ ಬ್ಯಾಡ.” ಯಾರ ರಕ್ತವೋ, ಯಾವ ಜಾತಿಯದೋ — ಅದು ಮೈಯಲ್ಲಿ ಹರಿಯುತ್ತಿದೆ ಎಂದು ತಿಳಿದರೆ ನಿನ್ನನ್ನು ಒಲೆಯ ಹತ್ತಿರ ಬಿಡುತ್ತಾರೆಯೇ? ಇಂದಿರಾಬಾಯಿ ಹಾಗೆ ಎಂದೂ ಅಂದಿರಲಿಲ್ಲ. ಅವರ ತಲೆಯೊಳಗೆ ಕೂತು ಅವರ ಬದಲು ನಾನು ಯೋಚಿಸಿದೆ.

ಇಲ್ಲ, ಇದೂ ಪೂರ್ತಿ ನಿಜವಲ್ಲ. ಪುರುಡು ಕಳೆದ ಹನ್ನೊಂದನೆಯ ದಿನ ಎಲ್ಲರಿಗೂ ಪಂಚಗವ್ಯ ಕೊಟ್ಟರಲ್ಲ, ನೆನಪಿದೆಯಾ? ಎಲ್ಲರಿಗೂ ಉದ್ಧರಣೆಯಲ್ಲಿ ಒಂದು ಗುಟುಕು, ನಿನಗೆ ಮಾತ್ರ ಒಳಗೆ ಕರೆದು ಇನ್ನೊಂದು ಕುಡಿಸಿದೆ. ನೀನು ಮುಖ ಕಿವುಚಿ ಯಾಕೆಂದು ಕೇಳಿದೆ. “ಬಾಣಂತಿಗೆ ಎರಡು ಸಲ ಕೊಡೋದು ಪದ್ಧತಿ” ಎಂದೆ. ಅಂಥ ಪದ್ಧತಿ ಎಲ್ಲೂ ಇಲ್ಲ. ನಿನ್ನ ಜೀವ ಉಳಿಸಿದ ರಕ್ತವನ್ನು ನಾನು ಮೈಲಿಗೆ ಎಂದು ತೊಳೆಯಲು ಹೊರಟಿದ್ದೆ. ಹೇಸಿಗೆ ಇದ್ದದ್ದು ನನ್ನೊಳಗೇ. ಅದನ್ನು ಇಂದಿರಾಬಾಯಿಯ ಹೆಸರಿಗೆ ಬರೆದು ನಾನು ನೆಮ್ಮದಿಯಾಗಿದ್ದೆ.

ಆಮೇಲೆ ನೀನು ಮತ್ತೆ ಬಸಿರಾದೆ. ಈ ಸಲ ಅತ್ತೆಯ ಮನೆಯಲ್ಲೇ ಇರುತ್ತೇನೆ ಎಂದೆ, ದಿನ ಹತ್ತಿರ ಬಂದಾಗ ನಾನೇ ಅಲ್ಲಿಗೆ ಬಂದೆ. ಏನು ಸಿದ್ಧತೆ ನಿನ್ನದು! ಸಂಜೆಯಾದರೆ ಹೊಳೆದಂಡೆಯಲ್ಲಿ ನಡಿಗೆ, ಬೆಳಿಗ್ಗೆ ಉಸಿರಿನ ಅಭ್ಯಾಸ, ಫೋನಿನಲ್ಲಿ ಯಾರೋ ಹೇಳಿಕೊಟ್ಟಂತೆ ಕುಕ್ಕರುಗಾಲಲ್ಲಿ ಕೂತು ಏಳುವುದು. ನಾನು ನಗಾಡಿದೆ, “ನಮ್ಮ ಕಾಲದಾಗ ಬಾವಿ ನೀರು ಸೇದಿದ್ರ ಸಾಕಾಗಿತ್ತು” ಅಂತ. ನೀನು ನಗಲಿಲ್ಲ.

“ಈ ಸಲ ನಾನು ಎಚ್ಚರಿರಬೇಕಮ್ಮಾ. ಶ್ರೀಶನ ಮಾರಿ ನನಗಿಂತ ಮೊದಲ ಎಲ್ಲಾರೂ ನೋಡಿಬಿಟ್ರು. ಈ ಕೂಸನ್ನ ನಾನೇ ಮೊದಲ ನೋಡಬೇಕು.”

ಆಗಲಾದರೂ ಹೇಳಬಹುದಿತ್ತು. ನೀನು ಕೇಳುತ್ತಿದ್ದದ್ದು ಏನು ದೊಡ್ಡದು — ಸಹಜ ಹೆರಿಗೆ, ಎಚ್ಚರ, ಕೂಸಿನ ಮುಖ. ಹೇಳಿದರೆ ಹೊಟ್ಟೆ ಕುಯ್ಯುತ್ತಾರೆ, ಮಗಳ ಆಸೆ ಮಣ್ಣಾಗುತ್ತದೆ ಎಂದು ಹೊಸದೊಂದು ನೆಪ ಹುಡುಕಿಕೊಂಡೆ. ನೀನು ಮೊದಲಿನ ಆಸ್ಪತ್ರೆಯ ಕಾಗದ ಕೇಳಿದಾಗ, ಮನೆಗೆ ಸುಣ್ಣ ಹೊಡೆಸುವಾಗ ಎಲ್ಲೋ ಹೋದವು ಎಂದೆ.

ಆ ಸಣ್ಣ ನರ್ಸಿಂಗ್ ಹೋಮಿಗೆ ನಾವು ಮೂವರೂ ಹೋಗಿದ್ದೆವು — ನೀನು, ನಿನ್ನ ಅತ್ತೆ, ನಾನು. ಡಾಕ್ಟರಮ್ಮ ನಿಧಾನದ ಹೆಂಗಸು. ಸಹಜ ಹೆರಿಗೆಗೆ ಪ್ರಯತ್ನಿಸೋಣ ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು ತೆಲುಗಿನಲ್ಲಿ ಕೇಳಿದಳು:

“ಮೊದಟಿ ಕಾನ್ಪುಲೋ ರಕ್ತಂ ಎಕ್ಕುವ ಪೋಯಿಂದಾ? ರಕ್ತಂ ಎಕ್ಕಿಂಚಾರಾ?”

ಮೊದಲ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿತ್ತೇ, ರಕ್ತ ಹಾಕಿದ್ದರೇ ಎಂದು. ತಮ್ಮಲ್ಲಿ ರಕ್ತ ಇಟ್ಟುಕೊಳ್ಳುವ ಅನುಕೂಲವಿಲ್ಲ, ಅದಕ್ಕೇ ಕೇಳುತ್ತಿದ್ದೇನೆ ಎಂದೂ ಹೇಳಿದಳು. ನೀನು ನನ್ನ ಕಡೆ ಕೈ ತೋರಿಸಿದೆ. “ಅಮ್ಮನ್ನ ಕೇಳ್ರಿ. ನನಗ ಎಚ್ಚರ ಇದ್ದಿಲ್ಲ.”

ಪಕ್ಕದಲ್ಲಿ ಇಂದಿರಾಬಾಯಿ ಸೆರಗು ಹೊದ್ದು ಕೂತಿದ್ದರು. ನಾನು ಅವರ ಕಡೆ ನೋಡಿದೆ. ನಿನ್ನ ಕಡೆ ನೋಡಲಿಲ್ಲ.

“ಲೇದಮ್ಮಾ” ಎಂದೆ. “ಅಟುವಂಟಿದಿ ಏಮೀ ಲೇದು.” ಇಲ್ಲಮ್ಮ, ಅಂಥದ್ದೇನೂ ಇಲ್ಲ.

ಹೆರಿಗೆಯ ಬೆಳಿಗ್ಗೆ ನಿನ್ನ ಆಸೆಯಂತೆಯೇ ಆಯಿತು. ನೀನು ಎಚ್ಚರವಾಗಿದ್ದೆ, ಕೂಸಿನ ಮುಖ ಎಲ್ಲರಿಗಿಂತ ಮೊದಲು ನೋಡಿದೆ. ಹೆಣ್ಣುಮಗು ಎಂದು ನೀನೇ ಕೂಗಿ ಹೇಳಿದ್ದು ಹೊರಗೆ ನಮಗೆ ಕೇಳಿಸಿತು. ಇಂದಿರಾಬಾಯಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದರು. ಅಷ್ಟರಲ್ಲಿ ಒಳಗೆ ಓಡಾಟ ಶುರುವಾಯಿತು. ಆ ಓಡಾಟದ ಸದ್ದು ನನಗೆ ಹೊಸದಲ್ಲ.

ಡಾಕ್ಟರಮ್ಮ ಆಂಬುಲೆನ್ಸ್ ಕರೆಯಲು ಹೊರಗೆ ಬಂದಳು. ಅವಳ ತೋಳು ಹಿಡಿದು ಮೂಲೆಗೆ ಎಳೆದು ಆಗ ನಿಜ ಹೇಳಿದೆ — ಪಿಸುಮಾತಿನಲ್ಲಿ, ಇಂದಿರಾಬಾಯಿಗೆ ಕೇಳಿಸದಂತೆ. ಮಗಳ ಜೀವ ಹೋಗುತ್ತಿರುವಾಗಲೂ ಗುಟ್ಟಿನ ಚಿಂತೆ ನನಗೆ! ಡಾಕ್ಟರಮ್ಮ ಬೈಯಲಿಲ್ಲ. ಮೊದಲೇ ಹೇಳಿದ್ದರೆ ಆಗಲೂ ಸಹಜ ಹೆರಿಗೆಗೇ ಪ್ರಯತ್ನಿಸಬಹುದಿತ್ತು, ಆದರೆ ಇಲ್ಲಲ್ಲ, ಕರ್ನೂಲಿನ ದೊಡ್ಡ ಆಸ್ಪತ್ರೆಯಲ್ಲಿ, ರಕ್ತ ಸಿದ್ಧವಾಗಿಟ್ಟುಕೊಂಡು — ಅಷ್ಟೇ ಹೇಳಿ ಒಳಗೆ ಓಡಿದಳು. ಅಂದರೆ ನಿನ್ನ ಆಸೆ ಮಣ್ಣಾಗುತ್ತಲೂ ಇರಲಿಲ್ಲ.

ಕರ್ನೂಲಿನಲ್ಲಿ ಜೀವ ಉಳಿಸಿದರು, ಗರ್ಭಕೋಶ ಉಳಿಸಲು ಆಗಲಿಲ್ಲ. ಬೇಗ ತಂದಿದ್ದರೆ ಅದೂ ಉಳಿಯುತ್ತಿತ್ತೇ ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. “ಬಹುಶಃ” ಎಂದರು. ಖಂಡಿತ ಎನ್ನಲಿಲ್ಲ. ಆ ‘ಬಹುಶಃ’ ಎಂಬ ಮಾತಿನ ನೆರಳಿನಲ್ಲಿ ಇಷ್ಟು ವರ್ಷ ತಣ್ಣಗೆ ಕೂತಿದ್ದೆ, ಮಗಳೇ.

ನಾನು ಹೆದರಿದ್ದ ಇಂದಿರಾಬಾಯಿ ಅಂದು ಏನು ಮಾಡಿದರು ಗೊತ್ತೇ? ರಕ್ತ ಬೇಕೆಂದ ಕೂಡಲೇ ರವಿಕೆಯ ತೋಳು ಮೇಲೆ ಸರಿಸಿ ನರ್ಸಿನ ಮುಂದೆ ನಿಂತರು. “ನಂದು ಹೊಂದಿದ್ರ ನಂದೇ ತಗೋರಿ. ಇಲ್ಲಾಂದ್ರ ಯಾರದಾದ್ರೂ ಆಗಲಿ, ಲಗೂ ಹಾಕ್ರಿ!” ವಯಸ್ಸಾಗಿದೆ, ಬೇಡವೆಂದು ಅವರನ್ನು ಕೂರಿಸಿದರು. ಯಾರದೋ ರಕ್ತವೇ ಮತ್ತೆ ಬಂತು. ನೀನು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಅವರೇ ಕರೆದರು: “ಪದ್ಮಜಾ, ಸ್ನಾನ ಆತಲ್ಲ? ಬಾ, ಅನ್ನಕ್ಕ ಇಡು.” ಯಾರ ರಕ್ತವೆಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಮಡಿಯುಟ್ಟು ನೀನು ಒಲೆಯ ಮುಂದೆ ನಿಂತೆ. ನಾನು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಆಗಲೂ ಹೇಳಲಿಲ್ಲ.

ಮೊನ್ನೆ ನಿಮ್ಮ ಮನೆಗೆ ಬಂದಿದ್ದಾಗ ನಿನ್ನ ವಾರಗಿತ್ತಿ ಸಿಂಧು, ಚೊಚ್ಚಲ ಬಸುರಿ, ನಿನ್ನನ್ನು ಕೇಳಿದಳಲ್ಲ, ನಾರ್ಮಲ್ ಆಗಬೇಕಾದರೆ ಏನು ಮಾಡಬೇಕು ಅಂತ. ನೀನು ಅವಳ ಕೈ ಹಿಡಿದು, “ನನ್ಹಂಗ ಹಟ ಹಿಡೀಬ್ಯಾಡ ತಂಗಿ. ನನ್ನ ಹಟಕ್ಕ ನಾನೇ ಅನುಭವಿಸಿದೆ” ಎಂದೆ. ಆ ಹುಡುಗಿಯ ಮುಖ ಸಣ್ಣದಾಯಿತು. ನಾನು ಚವಳಿಕಾಯಿ ಮುರಿಯುತ್ತಿದ್ದೆ. ಕೈ ನಿಲ್ಲಲೂ ಇಲ್ಲ, ನೋಡು — ಸುಳ್ಳಿಗೆ ಅಷ್ಟು ಒಗ್ಗಿಹೋಗಿದೆ. ನನ್ನ ತಪ್ಪನ್ನು ನೀನು ಹೊತ್ತದ್ದು ಸಾಲದೆ ಈಗ ಅದು ಅವಳ ಮೇಲೂ ಇಳಿಯುತ್ತಿದೆ.

ಇದನ್ನು ಬರೆದು ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ನಾಳೆಯ ಬಸ್ಸಿಗೆ ಬರುತ್ತೇನೆ. ಇಂದಿರಾಬಾಯಿ, ಸಿಂಧು, ಎಲ್ಲರೂ ಇರುವಾಗಲೇ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಅಮ್ಮಾ ಎಂದು ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು. ನಿನ್ನ ಆಸೆಯಲ್ಲಿ ತಪ್ಪಿರಲಿಲ್ಲ ಎಂಬುದು ಮಾತ್ರ ಸಿಂಧುವಿನ ಕಿವಿಗೂ ಬೀಳಬೇಕು.

ಡಾಕ್ಟರಮ್ಮ ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಹೌದು, ರಕ್ತ ಬಹಳ ಹೋಗಿತ್ತು. ಹೌದು, ರಕ್ತ ಹಾಕಿದ್ದರು. ನಿನಗೆ ಎಚ್ಚರವಿರಲಿಲ್ಲ. ನನಗೆ ಇತ್ತು.