ವೈನಿಯ ಡಬ್ಬಿಯಲ್ಲಿ ನನ್ನ ನಾನಖಟಾಯಿ

ವೈನಿ, ಆ ನಾನಖಟಾಯಿ ನಿಮ್ಮದು. ಹತ್ತು ವರ್ಷದಿಂದ ಮಂದಿಯೆಲ್ಲ ನನ್ನದೆಂದು ಹೊಗಳುತ್ತಿರುವುದು — ಖರೆ ಹೇಳಬೇಕೆಂದರೆ, ನಾನು ನಿಮ್ಮಿಂದ ಕದ್ದದ್ದು.

ನಿಮಗಿದು ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಿರಿ. ಆದರೂ ನನ್ನ ಬಾಯಿಂದ ಒಮ್ಮೆ ಬರಬೇಕಲ್ಲ.

ಬಾದಾಮಿಯಿಂದ ಇಳಕಲ್ಲಿನ ನಮ್ಮ ಮನೆಗೆ ನೀವು ಅಣ್ಣನ ಹೆಂಡತಿಯಾಗಿ ಬಂದಾಗ ನನಗೆ ಹದಿನಾರು. ಮಗ್ಗದಿಂದ ಎದ್ದ ಕೂಡಲೇ ನನ್ನನ್ನು ಕೂಗುತ್ತಿದ್ದ ಅಣ್ಣ ನಿಮ್ಮನ್ನು ಕೂಗತೊಡಗಿದ. ಅವ್ವನೂ ಅಷ್ಟೇ — "ಸೊಸಿ ಕೆಲಸ ಭಾಳ ಚೊಕ್ಕ ಐತಿ" ಎಂದು ಓಣಿಯೆಲ್ಲ ಸಾರಿದಳು. ಹೊಟ್ಟೆಕಿಚ್ಚು, ಬೇರೆ ಹೆಸರಿಲ್ಲ ಅದಕ್ಕೆ. ನಿಮ್ಮ ಜಡೆ, ನಿಮ್ಮ ನಗು, ಹಿಟ್ಟು ನಾದುವಾಗ ನೀವು ಬಳೆ ಹಿಂದಕ್ಕೆ ಸರಿಸುವ ರೀತಿ — ಯಾವುದನ್ನೂ ನನಗೆ ನೋಡಲಾಗುತ್ತಿರಲಿಲ್ಲ.

ಆ ದೀಪಾವಳಿಗೆ ನೀವು ಮೊದಲ ಸಲ ನಾನಖಟಾಯಿಗೆ ಹಿಟ್ಟು ಕಲಸಿದಿರಿ. ತೀರಿಕೊಂಡ ನಿಮ್ಮ ಅವ್ವನ ಅಳತೆ: ತುಪ್ಪ ಸಕ್ಕರೆ ಬೆಳ್ಳಗಾಗುವವರೆಗೆ ಅಂಗೈಯಲ್ಲಿ ತಿಕ್ಕಿ, ಮೈದಾದ ಜೊತೆ ಒಂದು ಹಿಡಿ ಕಡಲೆಹಿಟ್ಟು. ನಾನೂ ಹಟಕ್ಕೆ ಬಿದ್ದು ಬೇರೆ ಕಲಸಿದೆ. ಹಬ್ಬದ ಮುಂದೆ ಓಣಿಯವರೆಲ್ಲ ಹಿಟ್ಟು ಹೊತ್ತು ಬೇಕರಿಯ ಭಟ್ಟಿಯಲ್ಲಿ ಸುಡಿಸಿಕೊಂಡು ಬರುವುದು ವಾಡಿಕೆ. ನಿಮಗಾಗ ಏಳು ತಿಂಗಳು. ಭಟ್ಟಿಯ ಶಾಖ ಬೇಡವೆಂದು ಅವ್ವ ನನ್ನೊಬ್ಬಳನ್ನೇ ಕಳಿಸಿದಳು.

ಸುಟ್ಟು ಬಂದದ್ದನ್ನು ಮುರಿದು ತಿಂದೆ. ನಿಮ್ಮದು ಬಾಯಲ್ಲಿ ಕರಗಿತು. ನನ್ನದು — ಹಾಳಾಗಲಿ, ಕಲ್ಲು! ನೀವು ಕೊಟ್ಟಿದ್ದ ಸ್ಟೀಲಿನ ಡಬ್ಬಿಯ ಮೇಲೆ ನಿಮ್ಮ ಅವ್ವನ ಹೆಸರು ಕೊರೆದಿತ್ತು. ಆ ಹೆಸರನ್ನು ಓದಿಯೂ ಅದರೊಳಗೆ ನನ್ನವನ್ನು ತುಂಬಿದೆ. ನಿಮ್ಮವನ್ನು ನನ್ನ ಡಬ್ಬಿಗೆ ಹಾಕಿಕೊಂಡೆ.

ಅವ್ವ ಎರಡನ್ನೂ ತಿಂದು ನಿಮ್ಮ ಕಡೆ ತಿರುಗಿದಳು. "ನಿಮ್ಮವ್ವ ಇದನ್ನ ಕಲಿಸಿದ್ಳೇನು? ತವರಮನಿ ಅಳತಿ ಇನ್ನ ಮ್ಯಾಲೆ ಇಲ್ಲಿ ಬ್ಯಾಡ." ನೀವು ನನ್ನ ಡಬ್ಬಿಯಿಂದ ಒಂದು ತೆಗೆದು ಬಾಯಿಗಿಟ್ಟುಕೊಂಡಿರಿ. ನನ್ನನ್ನು ನೋಡಿದಿರಿ. ನಾನು ನಗುತ್ತಿದ್ದೆ, ವೈನಿ. ಗೆದ್ದೆನೆಂದು ನಗುತ್ತಿದ್ದೆ.

ಮರುವರ್ಷ ಅವ್ವ "ನಿನ್ನ ಅಳತಿ ಹೇಳವಾ" ಎಂದಾಗ ನಾನು ತುಪ್ಪ, ಸಕ್ಕರೆ, ಮೈದಾ ಎಂದು ತಡವರಿಸಿದೆ. "ಹಿಡಿ ಕಡ್ಲಿಹಿಟ್ಟು ಹಾಕಿದ್ಯಲ್ಲಾ ತಂಗಿ, ಮರತೇನು?" ಎಂದು ನೀವೇ ಕಾಪಾಡಿದಿರಿ. ಅದಕ್ಕೂ ನನ್ನ ಮನಸ್ಸು ಕರಗಲಿಲ್ಲ — ದೊಡ್ಡತನ ತೋರಿಸುತ್ತಾಳೆ ಎಂದು ಇನ್ನಷ್ಟು ಉರಿದುಕೊಂಡೆ. ನೀವು ಮಾತ್ರ ಮತ್ತೆಂದೂ ನಾನಖಟಾಯಿಗೆ ಕೈ ಹಚ್ಚಲಿಲ್ಲ.

ಮೊನ್ನೆ ನಾನು ತವರಿಗೆ ಬಂದಾಗ ನಿಮ್ಮ ಮಗಳು ನೋಟ್‌ಬುಕ್ ಹಿಡಿದು ಎದುರಿಗೆ ಕೂತಳು. "ಅತ್ತಿ, ನಿಮ್ಮ ನಾನಖಟಾಯಿ ಹೆಂಗ ಮಾಡೂದು ಹೇಳ್ರಿ. ನಮ್ಮವ್ವಗ ಬರೂದಿಲ್ಲಂತ." ನೀವು ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದಿರಿ, ತಲೆ ಎತ್ತಲಿಲ್ಲ. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ತನ್ನ ಸ್ವಂತ ಅಜ್ಜಿಯ ಅಳತೆಯನ್ನು, ನನ್ನ ಹೆಸರಿನಲ್ಲಿ —

ನವನಗರದ ಗಂಡನ ಮನೆಗೆ ಮರಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಾಡಿದ್ದು ಮತ್ತೆ ಬರುತ್ತೇನೆ. ಅವ್ವನನ್ನೂ ನಿಮ್ಮ ಮಗಳನ್ನೂ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ. ಅವ್ವ ನನ್ನ ಮುಖ ನೋಡದೆ ನಿಮ್ಮ ಕೈ ಹಿಡಿದುಕೊಳ್ಳುತ್ತಾಳೆ, ಬಲ್ಲೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಲಿ. ತನ್ನವ್ವನಿಗೆ ನಾನಖಟಾಯಿ ಬರುವುದಿಲ್ಲ ಎಂದು ನಿಮ್ಮ ಮಗಳು ಇನ್ನೊಂದು ದಿನವೂ ನಂಬಬಾರದು.